6 ಇಂಚಿನ ಪೈಪ್ ಕಿತ್ತು 12 ಇಂಚಿನದು ಹಾಕಿಸಿ: ನಮ್ಮ ವಾರ್ಡ್ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರಿಗೆ ನಮಸ್ಕಾರ.

ನಾನು ಕಲಬುರಗಿಯವನು, ನಿಮ್ಮದೇ ವಾರ್ಡಿನವನು. ಟಂಟಂ ಅಂದರೆ ಮೂರು ಚಕ್ರದ ಗಾಡಿ ಓಡಿಸುತ್ತೇನೆ, ಗಂಜ್ ಮಾರುಕಟ್ಟೆಗೆ ತೊಗರಿ ಚೀಲ ಸಾಗಿಸುವುದೇ ನನ್ನ ದಿನದ ದುಡಿಮೆ. ನಾಲ್ಕು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನಮ್ಮ ಓಣಿಯಲ್ಲಿ ಗಾಡಿ ಹತ್ತಿಳಿಯಲು ಗಟಾರದ ಮೇಲೆ ಮಾಡಿದ ರ‍್ಯಾಂಪ್‌ಗಳ ಕೆಳಗಿರುವ 6 ಇಂಚಿನ ಪ್ಲಾಸ್ಟಿಕ್ ಪೈಪ್ ತೆಗೆಸಿ, 12 ಇಂಚಿನ ಸಿಮೆಂಟ್ ಪೈಪ್ ಹಾಕಿಸಿ.

ರಸ್ತೆ ಹೊಸದಾಗಿ ಮಾಡಿದಾಗ ಅದು ನಮ್ಮ ಮನೆಗಳಿಗಿಂತ ಎತ್ತರ ಆಯಿತು. ಗಟಾರ ಒಂದೂವರೆ ಅಡಿ ಅಗಲ ಇದೆ, ಸರಿ. ಆದರೆ ಹದಿನಾಲ್ಕು ಮನೆಗಳ ಮುಂದೆ ರ‍್ಯಾಂಪ್ ಬಂತಲ್ವಾ, ಅಲ್ಲೆಲ್ಲ ಆ ನೀರು 6 ಇಂಚಿನ ತೂತಿನಲ್ಲಿ ತೂರಬೇಕು. ಒಂದು ಹಾಲಿನ ಕವರ್ ಅಡ್ಡ ನಿಂತರೆ ಮುಗೀತು.

ಹೋದ ವರ್ಷ ಹುಬ್ಬಿ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಅವ್ವ ಕೂಗಿದಳು. ದೀಪ ಹಾಕಿ ನೋಡಿದರೆ ಗಟಾರದ ನೀರು ಹೊಸ್ತಿಲು ದಾಟಿ ಅವಳ ಮಂಚದ ಕಾಲಿಗೆ ಬಂದಿತ್ತು. ಅವಳಿಗೆ ಮೊಣಕಾಲು ನೋವು, ತಾನೇ ಎದ್ದು ನಿಲ್ಲೋಕೆ ಆಗಲ್ಲ. ಎತ್ತಿಕೊಂಡು ಮೇಲಿನ ಮನೆಯವರ ಜಗಲಿಗೆ ಒಯ್ದೆ. ವರ್ಷಕ್ಕೆ ಆಗಲಿ ಅಂತ ಹೊಲದಿಂದ ತಂದಿಟ್ಟ ತೊಗರಿ ಚೀಲ ಗೋಡೆ ಪಕ್ಕ ಇತ್ತು. ಮೂರನೇ ದಿನ ಬಿಚ್ಚಿದರೆ ತಳದ ಕಾಳೆಲ್ಲ ಉಬ್ಬಿ ಬಿಳಿ ಮೊಳಕೆ ಬಿಟ್ಟಿತ್ತು, ಹತ್ತಿರ ಹೋಗೋಕೆ ಆಗದಂಥ ವಾಸನೆ. ಅವ್ವ ಅದನ್ನು ಎಸೆಯಬೇಡ ಅಂತ ಅತ್ತಳು. ನಾನೇ ಒಯ್ದು ತಿಪ್ಪೆಗೆ ಹಾಕಿ ಬಂದೆ.

ನಿಮ್ಮ ಕಡೆಯಿಂದ ನೋಡೋಕೆ ಬಂದವರು ಹೇಳಿದ್ದು, "ರ‍್ಯಾಂಪ್ ನಿಮ್ಮದು, ನೀವೇ ನೋಡಿಕೊಳ್ಳಿ" ಅಂತ. ಆಯ್ತು ಅಂತ ನಾನೇ ನೋಡಿಕೊಂಡೆ. ದೀಪಾವಳಿ ಮುಗಿದ ಮೇಲೆ ಸಾಲ ಮಾಡಿ ಎರಡೂವರೆ ಮೀಟರ್ ಉದ್ದದ ಎರಡು ಸಿಮೆಂಟ್ ಪೈಪ್ ತಂದೆ, 12 ಇಂಚಿನದು, ಹೆಚ್ಚು ಭಾರ ತಡೆಯೋ ಎನ್‌ಪಿ3 ದರ್ಜೆಯದು. ಅದಕ್ಕಿಂತ ಕಡಿಮೆ ಭಾರ ತಡೆಯೋ ಎನ್‌ಪಿ2 ಅಗ್ಗ ಆಗುತ್ತಿತ್ತು, ಆದರೆ ಗಾಡಿ ಹತ್ತುವ ಕಡೆ ಅದು ಬೇಡ ಅಂದ ನಮ್ಮ ಗೌಂಡಿ. ಇದೆಲ್ಲ ನಿಮ್ಮ ಎಂಜಿನಿಯರ್‌ಗಳಿಗೆ ಗೊತ್ತೇ ಇದೆ. ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ, ಅದರ ಮೇಲೆ ಸುಮ್ನೆ ಪೈಪ್ ಇಟ್ಟರೆ ಜಾಯಿಂಟ್ ಬಾಯಿ ಬಿಡುತ್ತೆ. ಅದಕ್ಕೆ ಒಂದು ಅಡಿ ಜಾಸ್ತಿ ತೋಡಿ, ಎರೆ ತೆಗೆದು, ಮುರುಮ್ (ಗರಸು ಮಣ್ಣು) ಹಾಕಿ ನೀರು ಹೊಡೆದು ಕುಟ್ಟಿದೆವು. ಹತ್ತು ಅಡಿಗೆ ಒಂದು ಇಂಚು ಇಳುಕು ಬರೋ ಹಾಗೆ ದಾರ ಕಟ್ಟಿ ಪೈಪ್ ಕೂರಿಸಿದೆವು. ಸಿಮೆಂಟ್ ಹಸಿ ಇದೆ ಅಂತ ಹತ್ತು ದಿನ ಟಂಟಂ ಬೇರೆಯವರ ಮನೆ ಮುಂದೆ ನಿಲ್ಲಿಸಿದೆ.

ಫೆಬ್ರುವರಿಯಲ್ಲಿ ಗುತ್ತಿಗೆದಾರರ ಜೆಸಿಬಿ ಬಂತು. ನಾನು ಗಂಜ್‌ನಲ್ಲಿದ್ದೆ. ಅವ್ವ ಬಾಗಿಲಲ್ಲಿ ಕೂತು ಬೇಡ ಬೇಡ ಅಂದರೂ ನನ್ನ ರ‍್ಯಾಂಪ್ ಒಡೆದು, ಒಳ್ಳೆಯ ಪೈಪ್ ಎರಡನ್ನೂ ಎತ್ತಿ ಪಕ್ಕಕ್ಕೆ ಹಾಕಿ, ಮತ್ತೆ ಅದೇ 6 ಇಂಚಿನ ಪ್ಲಾಸ್ಟಿಕ್ ಪೈಪನ್ನು ಎರೆ ಮಣ್ಣಿನ ಮೇಲೇ ಇಟ್ಟು ಮುಚ್ಚಿ ಹೋದರು. ಕೇಳಿದರೆ "ಎಸ್ಟಿಮೇಟ್‌ನಲ್ಲಿ 6 ಇಂಚು ಇದೆ" ಅಂದರು. ಇದನ್ನು ಯಾರು ಒಪ್ಪುತ್ತಾರೆ, ಸಾಹೇಬರೇ? ಸಾಲ ಇನ್ನೂ ತೀರಿಲ್ಲ. ಏಪ್ರಿಲ್‌ನಲ್ಲಿ 5000 ಲೀಟರಿನ ನೀರಿನ ಟ್ಯಾಂಕರ್ ತಿರುಗಿಸಿಕೊಳ್ಳೋಕೆ ರ‍್ಯಾಂಪ್ ಮೇಲೆ ಹಿಂದಕ್ಕೆ ಬಂತು. ನೀರಿನ ಭಾರವೇ 5 ಟನ್, ಅದರ ಮೇಲೆ ಗಾಡಿಯ ಭಾರ. ಪೈಪ್ ಅಪ್ಪಚ್ಚಿ ಆಯಿತು. ಈಗ ಆ ತೂತಿನಲ್ಲಿ ನನ್ನ ಮುಷ್ಟಿ ಹೋಗಲ್ಲ.

6 ಇಂಚು 12 ಇಂಚು ಆದರೆ ಬರೀ ಎರಡು ಪಟ್ಟು ನೀರು ಹೋಗಲ್ಲ, ಅದೇ ಇಳುಕಿನಲ್ಲಿ ಆರು ಪಟ್ಟು ಹೋಗುತ್ತೆ. ಖರ್ಚು ಆರು ಪಟ್ಟು ಆಗಲ್ಲ. ನನ್ನ ಮನೆ ಮುಂದೆ ಒಂದೇ ಹಾಕಿದರೂ ಸಾಲದು, ಕೆಳಗಿನ ಮನೆಯದು ಸಣ್ಣದಿದ್ದರೆ ನೀರು ಹಿಂದಕ್ಕೇ ಬರುತ್ತೆ. ಹದಿನಾಲ್ಕೂ ಮನೆಗೆ 12 ಇಂಚಿನದು ಹಾಕಿಸಿ. ಎಸ್ಟಿಮೇಟ್ ತಪ್ಪಿದ್ದರೆ ಎಸ್ಟಿಮೇಟ್ ತಿದ್ದಿಸಿ. ಓಟು ಕೇಳೋಕೆ ಬಂದಾಗ ನೀವು ಇದೇ ಗಟಾರ ದಾಟಿ ಬಂದು ಅವ್ವನ ಕಾಲು ಮುಟ್ಟಿದ್ದಿರಿ, ಅವಳಿಗೆ ಅದು ನೆನಪಿದೆ.

ಜೂನ್‌ನ ಮಿರಗದ (ಮೃಗಶಿರ) ಮಳೆಗೆ ಮುಂಚೆ ಪೈಪ್ ಹಾಕಿಸಿ. ಅವ್ವ ಈಗಲೇ ಮಂಚದ ಕಾಲಿಗೆ ಇಟ್ಟಿಗೆ ಇಡಿಸಿಕೊಂಡಿದ್ದಾಳೆ. ನಾನು ತಂದ ಎರಡು ಪೈಪ್ ಕಾಂಪೌಂಡ್ ಪಕ್ಕದಲ್ಲೇ ಬಿದ್ದಿವೆ. ಒಂದರ ಅಂಚು ಸ್ವಲ್ಪ ಚಕ್ಕೆ ಎದ್ದಿದೆ, ಇನ್ನೊಂದು ಗಟ್ಟಿ ಇದೆ. ನನ್ನ ಮನೆ ಮುಂದೆ ಅವನ್ನೇ ಹಾಕಿ, ಅದಕ್ಕೆ ದುಡ್ಡು ಕೇಳಲ್ಲ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಟಂಟಂ ಚಾಲಕ