ಯೋಜನೆಗಳ ಪಟ್ಟಿಯನ್ನೇ ಮೊದಲು ಓದು

ಪ್ರೀತಿಯ ಮಗಳಿಗೆ,

ಯುವಜನ ನೀತಿಯ ಕರಡಿನ ಬಗ್ಗೆ ಅಭಿಪ್ರಾಯ ಬರೆಯಬೇಕಾಗಿದೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀಯ. ಮುನ್ನುಡಿಯನ್ನು ಬದಿಗಿಟ್ಟು ಯೋಜನೆಗಳ ಪಟ್ಟಿಯನ್ನು ಮೊದಲು ಓದು. ಮುನ್ನುಡಿಯಲ್ಲಿ ಯುವಜನರೆಲ್ಲರೂ ಸಮಾನರಾಗಿರುತ್ತಾರೆ. ಯಾರಿಂದ ಏನನ್ನು ನಿರೀಕ್ಷಿಸಲಾಗಿದೆ ಎಂಬುದು ಪಟ್ಟಿಯಲ್ಲಿ ತಿಳಿಯುತ್ತದೆ. ನಾಯಕತ್ವ ಶಿಬಿರ, ನವೋದ್ಯಮಕ್ಕೆ ನೆರವು ಇಂಥವು ಹೆಸರಿಗೆ ಎಲ್ಲರಿಗೂ ತೆರೆದಿದ್ದರೂ ಓದು, ಬಿಡುವು, ಪರಿಚಯಗಳಿರುವ ಮನೆಯ ಮಕ್ಕಳಿಗೇ ದಕ್ಕುತ್ತವೆ. ಬಡವರ ಗಂಡುಮಕ್ಕಳ ಪಾಲಿಗೆ ಬರುವ ಕ್ರೀಡೆ ಮತ್ತು ಕಿರು ಅವಧಿಯ ತರಬೇತಿಗಳ ಹಿಂದೆ, ಸುಮ್ಮನೆ ಬಿಟ್ಟರೆ ಇವರು ಹಾದಿ ತಪ್ಪುತ್ತಾರೆ ಎಂಬ ಅಂಜಿಕೆ ಎಷ್ಟೋ ಸಲ ಅಡಗಿರುತ್ತದೆ. ಅವರ ಅಕ್ಕತಂಗಿಯರು ಆರೋಗ್ಯದ ಅಧ್ಯಾಯದಲ್ಲಿ, ಅದೂ ನಾಳಿನ ತಾಯಂದಿರಾಗಿ, ಕಾಣಿಸಿಕೊಳ್ಳುತ್ತಾರೆ.

ವಯಸ್ಸಿನ ಮಿತಿಯನ್ನೂ ಗಮನಿಸು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಯುವಜನರೆಂದರೆ 15ರಿಂದ 24 ವರ್ಷದವರು. 2006ರ ಆಫ್ರಿಕಾ ಯುವಜನ ಸನ್ನದಿನಲ್ಲಿ ಈ ಮಿತಿ 35ರವರೆಗೆ ಹೋಗುತ್ತದೆ. ಆದರೆ ಹದಿನೆಂಟಕ್ಕೇ ಮದುವೆಯಾಗಿ ಮಗುವನ್ನು ಎತ್ತಿಕೊಂಡವಳನ್ನು ಯಾವ ಮಿತಿಯೊಳಗಿದ್ದರೂ ಯುವತಿಯೆಂದು ಕರೆಯುವವರು ಕಡಿಮೆ.

ನಾನು ಹೆಚ್ಚು ಹೇಳಬೇಕಾದದ್ದು ಓದು, ಉದ್ಯೋಗ, ತರಬೇತಿ ಮೂರೂ ಇಲ್ಲದವರ ಎಣಿಕೆಯ ಬಗ್ಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ ಯುವತಿಯರಲ್ಲಿ ಸುಮಾರು ಶೇ. 28ರಷ್ಟು, ಯುವಕರಲ್ಲಿ ಸುಮಾರು ಶೇ. 13ರಷ್ಟು ಮಂದಿ ಈ ಗುಂಪಿನಲ್ಲಿದ್ದರು. ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಏನಾಗುತ್ತದೆಂದು ಯೋಚಿಸು: ಬೆಳಗಿನಿಂದ ಅಡುಗೆ ಮಾಡಿ, ತಮ್ಮನನ್ನು ಶಾಲೆಗೆ ಕಳಿಸಿ, ಹಾಸಿಗೆ ಹಿಡಿದ ಅಜ್ಜಿಯ ಮೈ ಒರೆಸಿ ಬಂದ ಹುಡುಗಿ ಮೂರೂ ಪ್ರಶ್ನೆಗಳಿಗೆ ಇಲ್ಲ ಎನ್ನುತ್ತಾಳೆ. ಇಂಥ ದುಡಿಮೆಯೂ ಕೆಲಸವೇ ಎಂದು 2013ರಲ್ಲಿ ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿತಾದರೂ, ಉದ್ಯೋಗವೆಂದು ಲೆಕ್ಕಕ್ಕೆ ಬರುವುದು ಕೂಲಿ ಅಥವಾ ಲಾಭಕ್ಕಾಗಿ ಮಾಡಿದ್ದು ಮಾತ್ರ. ಹೀಗಾಗಿ ಅವಳೂ, ಅಪ್ಪನ ದುಡ್ಡಿನಲ್ಲಿ ಒಂದು ವರ್ಷ ಆರಾಮವಾಗಿ ತಿರುಗಾಡುತ್ತಿರುವ ಹುಡುಗನೂ ಒಂದೇ ಅಂಕಣದಲ್ಲಿ ಸೇರುತ್ತಾರೆ. ಅವನನ್ನು ಯಾರೂ ಸಮಸ್ಯೆ ಎನ್ನುವುದಿಲ್ಲ, ಅದು ಬೇರೆ ಮಾತು. ಅವಳಿಗೆ ಮಾತ್ರ ಉತ್ಸಾಹ ತುಂಬುವ ಕಾರ್ಯಾಗಾರ ಸಿದ್ಧವಾಗಿರುತ್ತದೆ, ಅವಳಲ್ಲಿ ಕಡಿಮೆಯಾಗಿರುವುದು ಉತ್ಸಾಹವೇ ಎಂಬಂತೆ.

ಆದ್ದರಿಂದ ನಿನ್ನ ಅಭಿಪ್ರಾಯದಲ್ಲಿ ಯುವತಿಯರಿಗೆ ಮೀಸಲು ಸ್ಥಾನ ಕೇಳಿ ನಿಲ್ಲಿಸಬೇಡ. ತರಬೇತಿಯ ಹೊತ್ತು ಯಾವುದು, ಅಷ್ಟು ಹೊತ್ತು ಮನೆಯ ಮಗುವನ್ನೂ ಮುದುಕರನ್ನೂ ನೋಡಿಕೊಳ್ಳುವವರು ಯಾರು, ಅದಕ್ಕೆ ಆಯವ್ಯಯದಲ್ಲಿ ಹಣ ಇಟ್ಟಿದ್ದಾರೆಯೇ ಎಂದು ಕೇಳು. ಅದೇ ಪ್ರಶ್ನೆಯನ್ನು ಗಂಡುಮಕ್ಕಳ ತರಬೇತಿಯ ಪುಟದಲ್ಲಿಯೂ ಬರೆ.

ನಿನ್ನ ಅಮ್ಮ