ಅಪ್ಪನ ಹೆಸರು ಪಟ್ಟಿಗೆ ಸೇರಿತು: ಕೈ ಹಿಡಿದವರಿಗೆಲ್ಲ ನಮಸ್ಕಾರ

ಸೇನೆಯ ದಾಖಲೆ ಕಚೇರಿಯಿಂದ ಕಳೆದ ವಾರ ಪತ್ರ ಬಂತು. ಅಪ್ಪನ ಸೇವಾ ದಾಖಲೆಗೆ 1971ರ ಯುದ್ಧದ ಪದಕಗಳಾದ ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಪದಕ ಎರಡೂ ಸೇರಿವೆ. ಪತ್ರದ ಬೆನ್ನಿಗೇ ಅಂಚೆಯಲ್ಲಿ ಪದಕಗಳೂ ಬಂದವು. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಅದೂ ಬರಲಿ, ಒಟ್ಟಿಗೇ ತಿಳಿಸೋಣ ಎಂದು ತಮ್ಮ ಹೇಳಿದ. ನನಗೆ ಮನಸ್ಸು ತಡೆಯಲಿಲ್ಲ. ಇಷ್ಟು ಜನರ ಋಣ ಹೊತ್ತುಕೊಂಡು ಸುಮ್ಮನೆ ಕುಳಿತಿರುವುದು ಸರಿಯಲ್ಲ.

ಕೆಲವರಿಗೆ ಅಪ್ಪ ಯುದ್ಧಕ್ಕೆ ಹೋಗಿದ್ದರೆಂಬುದೇ ಗೊತ್ತಿಲ್ಲ. ಅವರು ಹೇಳಿಕೊಂಡವರಲ್ಲ. 1969ರಲ್ಲಿ ಪಾಂಡವಪುರದ ಹತ್ತಿರದ ನಮ್ಮೂರಿನಿಂದ ಹೋಗಿ ಸ್ಯಾಪರ್ ಆಗಿ, ಅಂದರೆ ಎಂಜಿನಿಯರ್ ದಳದ ಸಿಪಾಯಿಯಾಗಿ, ಸೇನೆಗೆ ಸೇರಿದರು. 1985ರಲ್ಲಿ ನಾಯಕ್ ಹುದ್ದೆಯಿಂದ ಪಿಂಚಣಿ ಪಡೆದು ಊರಿಗೆ ಬಂದರು. 1971ರ ಡಿಸೆಂಬರಿನಲ್ಲಿ ಅವರಿದ್ದದ್ದು ಪಶ್ಚಿಮದ ಗಡಿಯಲ್ಲಿ, ಶಕರ್‌ಗಢ ವಲಯದಲ್ಲಿ. ಬಸಂತರ್ ನದಿಯ ಆಚೀಚೆ ಶತ್ರುಗಳು ಹೂತಿದ್ದ ಮೈನುಗಳನ್ನು (ನೆಲಬಾಂಬುಗಳನ್ನು) ಕಿತ್ತು ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸುವುದು ಸ್ಯಾಪರ್‌ಗಳ ಕೆಲಸ. ಆ ನದಿಯನ್ನು ದಾಟಿ ಹೋದ ಟ್ಯಾಂಕುಗಳಲ್ಲೇ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಹೋರಾಡಿ ಡಿಸೆಂಬರ್ 16ರಂದು ಪ್ರಾಣ ಬಿಟ್ಟರು, ಪರಮವೀರ ಚಕ್ರ ಪಡೆದರು. ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಗೊತ್ತಿರಲೇಬೇಕು. ಆ ದಾರಿಯನ್ನು ಕತ್ತಲಲ್ಲಿ ಮೊಣಕಾಲೂರಿ ಬಿಡಿಸಿಕೊಟ್ಟವರ ಹೆಸರು ಎಷ್ಟು ಜನರಿಗೆ ಗೊತ್ತಿದೆ? ಅಪ್ಪನ ಎಡಗಾಲಿನ ಮೀನಖಂಡದಲ್ಲಿ ಮೈನಿನ ಒಂದು ಚೂರು ಇಂದಿಗೂ ಇದೆ. ಚಳಿಗಾಲದಲ್ಲಿ ಅದರ ಮೇಲಿನ ಚರ್ಮ ನೀಲಿಗಟ್ಟುತ್ತದೆ.

2021ರಲ್ಲಿ ಆ ಯುದ್ಧಕ್ಕೆ ಐವತ್ತು ವರ್ಷ ತುಂಬಿತು. ದೇಶವೆಲ್ಲ ಸ್ವರ್ಣಿಮ ವಿಜಯ ವರ್ಷ ಆಚರಿಸುತ್ತಿತ್ತು. ಆಗ ಒಂದು ಕಡೆ ಹಿರಿಯ ಯೋಧರನ್ನು ಸನ್ಮಾನಿಸಲು ಹೆಸರು ಬರೆದುಕೊಳ್ಳುತ್ತಿದ್ದರು. ಅಪ್ಪನ ಡಿಸ್ಚಾರ್ಜ್ ಬುಕ್ ತಿರುವಿ ನೋಡಿದವರೊಬ್ಬರು, "ಯುದ್ಧಕ್ಕೆ ಹೋಗಿದ್ದರೆ ಸ್ಟಾರ್ ಇರಬೇಕಿತ್ತಲ್ಲ ಯಜಮಾನರೇ?" ಎಂದರು. ಸೈನ್ಯ ಸೇವಾ ಪದಕ ಅದರಲ್ಲಿತ್ತು, ಒಂಬತ್ತು ವರ್ಷದ ದೀರ್ಘ ಸೇವೆಯದ್ದು ಇತ್ತು. 1972ರಲ್ಲಿ ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷಕ್ಕೆಂದು ಸಮವಸ್ತ್ರದಲ್ಲಿದ್ದವರಿಗೆಲ್ಲ ಕೊಟ್ಟ ಪದಕವೂ ಇತ್ತು. ಯುದ್ಧದ್ದು ಮಾತ್ರ ಒಂದೂ ಇರಲಿಲ್ಲ. ಅಪ್ಪ ಪುಸ್ತಕವನ್ನು ವಾಪಸ್ ಇಸಿದುಕೊಂಡು ಮನೆಗೆ ಬಂದರು. ಅಂದಿನಿಂದ ಅವರು ಊರಿನ ಯಾವ ಸಭೆಗೂ ಹೋಗಲಿಲ್ಲ.

ನಾವು ಅರ್ಜಿ ಹಾಕಿದೆವು. ಬಹಳ ಕಾಲದ ಮೇಲೆ, ಸದರಿ ಪದಕಗಳ ಬಗ್ಗೆ ದಾಖಲೆಯಲ್ಲಿ ಯಾವುದೇ ನಮೂದು ಕಂಡುಬರುವುದಿಲ್ಲ ಎಂಬ ಉತ್ತರ ಬಂತು. ಅದನ್ನು ಬರೆದವರು ಕಾಗದದಲ್ಲಿ ಇದ್ದದ್ದನ್ನೇ ಬರೆದಿರಬಹುದು. ಅಪ್ಪನಿಗೆ ಅದು "ನೀನು ಸುಳ್ಳುಗಾರ" ಎಂದು ಮುದ್ರೆ ಒತ್ತಿ ಕಳಿಸಿದ ಪತ್ರದಂತೆ ಕಂಡಿತು. ಅನ್ನ ಬಿಟ್ಟರು. ಆ ವಾರದ ಕೊನೆಗೆ ಏನಾಯಿತೆಂದು ಇದನ್ನು ಓದುತ್ತಿರುವ ಬಹುತೇಕರಿಗೆ ಗೊತ್ತಿದೆ, ಮತ್ತೆ ಬರೆಯುವುದಿಲ್ಲ.

ನಾನು ಹೇಳಬೇಕಾದದ್ದು ಶ್ರೀರಂಗಪಟ್ಟಣದ ಸುಬೇದಾರ್ ಸಾಹೇಬರ ಬಗ್ಗೆ.

ಅವರು ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಕ್ಲರ್ಕ್ ಆಗಿ ದುಡಿದು ಬಂದವರು. ನಮಗೆ ನೆಂಟರಲ್ಲ, ಅಪ್ಪನ ರೆಜಿಮೆಂಟಿನವರೂ ಅಲ್ಲ. ಪಿಂಚಣಿಯ ಯಾವುದೋ ಕಾಗದ ತೋರಿಸಲು ಹೋಗಿ ಪರಿಚಯವಾದವರು. ವಯಸ್ಸಿನಲ್ಲಿ ಅಪ್ಪನಿಗಿಂತ ಎಷ್ಟೋ ಚಿಕ್ಕವರು. ಆದರೂ ಅಪ್ಪ ಅವರನ್ನು "ಸಾಬ್" ಎನ್ನುತ್ತಾರೆ, ಅವರು ಅಪ್ಪನನ್ನು "ಅಣ್ಣಾವ್ರೇ" ಎನ್ನುತ್ತಾರೆ. ಸೇನೆಯ ಹುದ್ದೆಗೊಂದು ಮರ್ಯಾದೆ, ಊರಿನ ಹಿರಿತನಕ್ಕೊಂದು ಮರ್ಯಾದೆ. ಇಬ್ಬರೂ ತಮ್ಮ ಪಾಲಿನದನ್ನು ತಪ್ಪದೆ ಸಲ್ಲಿಸುತ್ತಾರೆ. ಅದನ್ನು ಕೇಳುವುದೇ ನನಗೊಂದು ಸಂತೋಷ.

ಆ ರಾತ್ರಿ ಅಪ್ಪ ಮಂಡ್ಯದ ಆಸ್ಪತ್ರೆಯಲ್ಲಿದ್ದರು. ತಮ್ಮ ಇನ್ನೂ ಪುಣೆಯಿಂದ ಹೊರಟಿದ್ದನಷ್ಟೇ. ಒಳಗೆ ಒಬ್ಬರಿಗೆ ಮಾತ್ರ ಇರಲು ಅವಕಾಶ. ನನಗೆ ಕೈಕಾಲು ನಡುಗಿ ನಿಲ್ಲಲೂ ಆಗುತ್ತಿರಲಿಲ್ಲ. ಸಾಹೇಬರು ಕೊನೆಯ ಬಸ್ಸಿಗೆ ಮಂಡ್ಯಕ್ಕೆ ಬಂದರು. ಭುಜದ ಮೇಲೊಂದು ಟವೆಲ್, ಕೈಯಲ್ಲೊಂದು ಫ್ಲಾಸ್ಕ್. "ನೀನು ಇಲ್ಲೇ ಬೆಂಚಿನ ಮೇಲೆ ಒರಗಿಕೋ ತಾಯಿ, ನಾನು ಒಳಗಿರುತ್ತೇನೆ" ಎಂದರು. ಬೆಳಗಾಗುವವರೆಗೆ ಅವರು ಆ ಸ್ಟೂಲಿನಿಂದ ಏಳಲಿಲ್ಲವೆಂದು ಆಮೇಲೆ ದಾದಿಯರು ಹೇಳಿದರು.

ನಡುರಾತ್ರಿ ಅಪ್ಪನಿಗೆ ಅರೆಬರೆ ಎಚ್ಚರವಾಗಿದೆ. ತಾವು ಎಲ್ಲಿದ್ದೇವೆಂಬ ಪರಿವೆ ಇಲ್ಲ. "ಟೇಪ್ ಕಟ್ಟಿದರಾ? ದಾರಿಗೆ ಗುರುತು ಹಾಕಿದರಾ?" ಎಂದು ಮತ್ತೆ ಮತ್ತೆ ಕೇಳಿದ್ದಾರೆ. ಮೈನು ತೆಗೆದ ದಾರಿಯ ಎರಡೂ ಅಂಚಿಗೆ ಬಿಳಿ ಟೇಪ್ ಎಳೆಯುತ್ತಾರಂತೆ. ಅದರಾಚೆ ಒಂದು ಹೆಜ್ಜೆ ಇಟ್ಟರೂ ಸಾವು. ಬೇರೆ ಯಾರಾದರೂ ಆಗಿದ್ದರೆ "ಸುಮ್ಮನೆ ಮಲಗಿ" ಎನ್ನುತ್ತಿದ್ದರು. ನಾನಾದರೂ ಅದನ್ನೇ ಹೇಳುತ್ತಿದ್ದೆ. ಸಾಹೇಬರು ಅಪ್ಪನ ಕೈ ಹಿಡಿದುಕೊಂಡು, "ಕಟ್ಟಿದ್ದಾರೆ ಅಣ್ಣಾವ್ರೇ. ಗುರುತು ಹಾಕಿ ಆಯಿತು. ಟ್ಯಾಂಕುಗಳು ದಾಟುತ್ತಿವೆ" ಎಂದರಂತೆ. ಅಪ್ಪ ಕೇಳಿದಾಗಲೆಲ್ಲ ಅದೇ ಉತ್ತರವನ್ನು ಬೇಸರಿಸದೆ ಕೊಟ್ಟರಂತೆ. ಇದನ್ನು ಬರೆಯುವಾಗ ನನ್ನ ಕಣ್ಣು ಮಂಜಾಗುತ್ತಿದೆ. ಐವತ್ತು ವರ್ಷಕ್ಕೂ ಮೇಲೆ ಆ ಮನುಷ್ಯನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಗಾಯಗೊಂಡ ಅಪ್ಪನನ್ನು ಅಂದು ಹೊತ್ತು ಹಿಂದಕ್ಕೆ ಸಾಗಿಸಿದ್ದರು. ದಾರಿ ಮುಗಿಯಿತೋ ಇಲ್ಲವೋ ಅವರು ಕಣ್ಣಾರೆ ಕಾಣಲೇ ಇಲ್ಲ.

ಸ್ವಲ್ಪ ಸಮಾಧಾನವಾದ ಮೇಲೆ ಅಪ್ಪ ಮಾತು ಮುಂದುವರಿಸಿದ್ದಾರೆ: ಪಠಾಣ್‌ಕೋಟ್‌ನ ಸೇನಾ ಆಸ್ಪತ್ರೆ, ಅಲ್ಲಿಂದ ರೈಲು, ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಹಾಸಿಗೆ. "ಹಳೇ ಯೂನಿಟ್ಟಿಗೆ ಮತ್ತೆ ಹೋಗಲೇ ಇಲ್ಲ ಸಾಬ್." ಸಾಹೇಬರ ಕಿವಿ ನಿಮಿರಿದ್ದು ಅಲ್ಲಿ. ಬೆಳಿಗ್ಗೆ ಹೊರಗೆ ಬಂದು, ಔಷಧದ ಬಿಲ್ಲಿನ ಹಿಂಬದಿಯಲ್ಲಿ ಗೆರೆ ಎಳೆದು ನನಗೆ ವಿವರಿಸಿದರು.

ಸೈನಿಕನ ಬದುಕಿನಲ್ಲಿ ನಡೆಯುವುದೆಲ್ಲವನ್ನೂ, ಅಂದರೆ ರಜೆ, ವರ್ಗ, ಆಸ್ಪತ್ರೆ, ಮದುವೆ, ಮಗು, ಪದಕ ಎಲ್ಲವನ್ನೂ, ಅವನಿರುವ ಯೂನಿಟ್ 'ಪಾರ್ಟ್ ಟು ಆರ್ಡರ್' ಎಂದು ಪ್ರಕಟಿಸುತ್ತದೆ. ಅದು ದಾಖಲೆ ಕಚೇರಿಗೆ ಹೋಗಿ ಅವನ 'ಶೀಟ್ ರೋಲ್'ನಲ್ಲಿ ಏರುತ್ತದೆ. ಪ್ರಕಟವಾಗದ್ದು ನಡೆದೇ ಇಲ್ಲವೆಂದು ಲೆಕ್ಕ. ಪದಕಗಳಿಗೆ ಅರ್ಹರ ಪಟ್ಟಿ ತಯಾರಾಗುವುದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಅಪ್ಪನ ಹೆಸರನ್ನು ಯೂನಿಟ್ಟಿನ ಸೈನಿಕರ ಪಟ್ಟಿಯಿಂದ ತೆಗೆದು ಬೇರೆ ಕಡೆಗೆ ಹಾಕಿಯಾಗಿತ್ತು. ಹಳೆಯ ಯೂನಿಟ್ ತನ್ನಲ್ಲಿ ಉಳಿದವರ ಪಟ್ಟಿ ಕಳಿಸಿತು. ಹೊಸ ಜಾಗದವರು ಇವರು ಯುದ್ಧದಿಂದ ಬಂದವರೆಂದು ನೋಡಲಿಲ್ಲ. "ನೋಡು ತಾಯಿ, ಗಾಯವಾಗದೇ ಇದ್ದಿದ್ದರೆ ನಿಮ್ಮ ಅಪ್ಪನಿಗೆ ಸ್ಟಾರ್ ತಾನಾಗಿ ಬರುತ್ತಿತ್ತು" ಎಂದರು ಸಾಹೇಬರು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಪ್ಪ ಅಲ್ಲಿದ್ದರೆಂಬುದಕ್ಕೆ ಅವರ ಕಾಲಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಕಾಲೇ ಅವರನ್ನು ಪಟ್ಟಿಯಿಂದ ಹೊರಗೆ ಹಾಕಿತ್ತು.

ಮುಂದಿನ ದಾರಿಯನ್ನೂ ಸಾಹೇಬರೇ ತೋರಿಸಿದರು. "ಪದಕ ಕೊಡಿ ಎಂದು ಕೇಳಬೇಡಿ, ಶೀಟ್ ರೋಲಿನ ದೃಢೀಕೃತ ಪ್ರತಿ ಕೇಳಿ" ಎಂದರು. ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಪ್ರತಿ ಬಂದಾಗ ನಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಿದರು. ಮಸುಕಾದ ಟೈಪಿನ ಅಕ್ಷರ, ಪಕ್ಕದಲ್ಲಿ ಯಾರದೋ ಚಿಕ್ಕ ಸಹಿ. ಡಿಸೆಂಬರ್ 1971ರ ಎದುರು ಆಸ್ಪತ್ರೆಗೆ ಸೇರಿದ ನಮೂದು ಇತ್ತು, ಯುದ್ಧದ ಗಾಯವೆಂಬ ಷರಾ ಇತ್ತು. ಎಲ್ಲವೂ ಅಲ್ಲೇ ಇತ್ತು, ಒಂದಕ್ಕೊಂದು ಜೋಡಿಸಿ ನೋಡಿದವರಿರಲಿಲ್ಲ. ಅವರು ಬೆರಳಿಟ್ಟ ಜಾಗದಿಂದ ಎರಡು ಬೆರಳಗಲ ಕೆಳಗೆ ನನಗೆ ಇನ್ನೊಂದು ಸಾಲು ಕಂಡಿತು: 1974, ಮದುವೆ, ಪಕ್ಕದಲ್ಲಿ ಅಮ್ಮನ ಹೆಸರು. ಅದರ ಕೆಳಗೆ 1976, ಹೆಣ್ಣು ಮಗು. ಅದು ನಾನು. ಅಮ್ಮ ಇಲ್ಲವಾಗಿ ಎಷ್ಟೋ ವರ್ಷವಾಯಿತು. ಗಂಡನ ಕಾಲಿಗೆ ಪ್ರತಿ ಚಳಿಗಾಲವೂ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದವಳು ಅವಳು. ಈ ನಕ್ಷತ್ರವನ್ನು ಅವಳು ನೋಡಲಿಲ್ಲವಲ್ಲ ಎಂಬ ಸಂಕಟಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಅಂದು ಊಟದ ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಸಾಹೇಬರು ಕಾಗದಗಳನ್ನು ಒದ್ದೆಯಾಗದಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿಟ್ಟು, ನಾನು ಅತ್ತು ಮುಗಿಸುವವರೆಗೆ ಸುಮ್ಮನೆ ಕುಳಿತಿದ್ದರು.

ಅವರು ಒಂದು ಬಸ್ ಚಾರ್ಜನ್ನೂ ನಮ್ಮಿಂದ ತೆಗೆದುಕೊಂಡಿಲ್ಲ. ಹೊಲದ ಬೆಲ್ಲ ಕೊಟ್ಟರೆ ಮಾತ್ರ ಬೇಡವೆನ್ನುವುದಿಲ್ಲ.

ಅರ್ಜಿಯನ್ನು ತಿದ್ದಿಕೊಟ್ಟ ಮೈಸೂರಿನ ವಕೀಲ ಗೆಳತಿಗೆ, ಸೈನಿಕ ಕಲ್ಯಾಣ ಕಚೇರಿಯಲ್ಲಿ ನಮ್ಮ ಕಡತವನ್ನು ಮೂಲೆಗೆ ಬೀಳಲು ಬಿಡದ ಸಿಬ್ಬಂದಿಗೆ, ಎರಡನೇ ಸಲ ಕಾಗದಗಳನ್ನು ನಿಧಾನವಾಗಿ ಓದಿ ಸಹಿ ಹಾಕಿದ ಆ ಅಧಿಕಾರಿಗೆ, ನನ್ನ ತರಗತಿಗಳನ್ನು ತೆಗೆದುಕೊಂಡ ಸಹೋದ್ಯೋಗಿಗಳಿಗೆ, ನಾಲೆಯ ಸರದಿ ಬಂದಾಗಲೆಲ್ಲ ನಮ್ಮ ಕಬ್ಬಿಗೂ ನೀರು ಹಾಯಿಸಿದ ಪಕ್ಕದ ಹೊಲದ ಅಣ್ಣನಿಗೆ, ಆಸ್ಪತ್ರೆಯ ದಾದಿಯರಿಗೆ, ಎಲ್ಲರಿಗೂ ಮನಸಾರೆ ನಮಸ್ಕಾರ.

ಇದರಿಂದ ಪಿಂಚಣಿ ಎಷ್ಟು ಹೆಚ್ಚಿತು ಎಂದು ಕೆಲವರು ಕೇಳಿದ್ದೀರಿ. ಈ ಎರಡು ಪದಕಗಳಿಂದ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಅಪ್ಪ ಪದಕವನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಅದರ ಅಂಚನ್ನು. ಅಲ್ಲಿ ಅವರ ನಂಬರ್ ಮತ್ತು ಹೆಸರು ಕೊರೆದಿದೆ. ಉಗುರಿನಿಂದ ಒಂದೊಂದೇ ಅಂಕಿಯನ್ನು ಮುಟ್ಟಿ ಓದಿ, "ಸರಿಯಾಗಿದೆ" ಎಂದರು. ನನಗೆ ಅಷ್ಟು ಸಾಕು.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಅವರ ಡಿಸ್ಚಾರ್ಜ್ ಬುಕ್ಕನ್ನು ಈ ಭಾನುವಾರವೇ ತೆರೆದು ನೋಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುತ್ತಾರೆ, 'ಲಾಂಗ್ ರೋಲ್' ಎಂಬ ಪಟ್ಟಿಯಲ್ಲಿನ ವಿವರ ಮಾತ್ರ ಉಳಿಯುತ್ತದೆ. ಆದ್ದರಿಂದ ಮನೆಯಲ್ಲಿರುವ ಹಳೆಯ ಪತ್ರ, ಆಸ್ಪತ್ರೆಯ ಚೀಟಿ, ಏನನ್ನೂ ಬಿಸಾಡಬೇಡಿ. ನಾಗಮಂಗಲದ ಒಂದು ಕುಟುಂಬದವರು ಈಗಾಗಲೇ ಕೇಳಿದ್ದಾರೆ. ಅವರ ತಂದೆ ಪೂರ್ವದ ಗಡಿಯಲ್ಲಿದ್ದವರು. ಸೋಮವಾರ ಸುಬೇದಾರ್ ಸಾಹೇಬರೂ ನಾನೂ ಅವರ ಮನೆಗೆ ಹೋಗುತ್ತಿದ್ದೇವೆ. ಜೊತೆಗೆ ಬರುತ್ತೇನೆಂದು ಅಪ್ಪ ಹೇಳಿದ್ದಾರೆ.