‘ಸೆಟ್ಲ್’ ಆದ ಸಾಲ ಚುಕ್ತಾ ಅಲ್ಲವೆಂದು ಕನ್ನಡದಲ್ಲಿ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಕ್ರೆಡಿಟ್ ಕಾರ್ಡಿನ ಅಥವಾ ವೈಯಕ್ತಿಕ ಸಾಲದ ಬಾಕಿಯಲ್ಲಿ ಒಂದು ಭಾಗವನ್ನಷ್ಟೇ ಕಟ್ಟಿ ‘ಸೆಟ್ಲ್‌ಮೆಂಟ್’ ಮಾಡಿಕೊಂಡವರಿಗೆ ಮುಂದೆ ಗೃಹಸಾಲ ಸಿಗುವುದು ಎಷ್ಟು ಕಷ್ಟವೆಂಬುದನ್ನು, ಆ ಸೆಟ್ಲ್‌ಮೆಂಟ್ ಮಾಡಿಸುವ ಹೊತ್ತಿನಲ್ಲಿ ಬ್ಯಾಂಕಿನವರು ಹೇಳುವುದಿಲ್ಲ. ಅದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ತಿಳಿಸುವುದು ಕಡ್ಡಾಯವಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಲಗ್ನಪತ್ರಿಕೆಯೂ ಇಲ್ಲ, ಶಾಲಾ ಪುಸ್ತಕವೂ ಇಲ್ಲ ಎಂಬಂತಾಗಿ ನಮ್ಮ ಪ್ರೆಸ್ಸು ನಾಲ್ಕು ತಿಂಗಳು ಮುಚ್ಚಿತ್ತು. ಸಂಬಳ ನಿಂತಾಗ ದಿನಸಿಗೂ ಔಷಧಕ್ಕೂ ಕಾರ್ಡು ಬಳಸಿದೆ. ಬಡ್ಡಿ, ತಡಪಾವತಿ ಶುಲ್ಕ ಎಲ್ಲ ಸೇರಿ ಬಾಕಿ 68 ಸಾವಿರ ರೂಪಾಯಿಗೆ ಏರಿತು. ಡಿಸೆಂಬರಿನಲ್ಲಿ ವಸೂಲಿ ಏಜೆಂಟರು ಫೋನ್ ಮಾಡಿ, 40 ಸಾವಿರ ಒಂದೇ ಸಲ ಕಟ್ಟಿದರೆ ಉಳಿದ 28 ಸಾವಿರ ಬಿಟ್ಟುಬಿಡುತ್ತೇವೆ, ಲೆಕ್ಕ ಸೆಟ್ಲ್ ಆಗುತ್ತದೆ ಎಂದರು. ಕಟ್ಟಿದೆ. ಮೂರೇ ಸಾಲಿನ ಇಂಗ್ಲಿಷ್ ಪತ್ರವೊಂದು ಬಂತು. ದಿನವಿಡೀ ಪರರ ತಪ್ಪು ಹುಡುಕುವ ನಾನು ಅದನ್ನು ಎರಡು ಸಲ ಓದಿ, ಅಕ್ಷರದೋಷವಿಲ್ಲವೆಂದು ಸಮಾಧಾನಪಟ್ಟು, ಬೀರುವಿನಲ್ಲಿಟ್ಟೆ.

ನಮ್ಮ ಬೆಂಗಳೂರಿನ ಮಾತಿನಲ್ಲಿ ‘ಸೆಟ್ಲ್ ಮಾಡಿದೆ’ ಎಂದರೆ ಅಂಗಡಿಯವನ ಬಾಕಿ ಪೂರ್ತಿ ತೀರಿಸಿದೆ, ಇನ್ನು ಅವನಿಗೂ ನನಗೂ ಲೆಕ್ಕವಿಲ್ಲ ಎಂದರ್ಥ. ನಾವು ಸಾಲ ತೀರಿಸಿದ ಬಗೆಯನ್ನು ದಾಖಲಿಸುವ ಸಿಬಿಲ್‌ನಂಥ ಸಂಸ್ಥೆಗಳ ಸಾಲದ ವರದಿಯಲ್ಲಿ ಅದೇ ಶಬ್ದಕ್ಕೆ ಹೆಚ್ಚುಕಡಿಮೆ ಅದರ ವಿರುದ್ಧದ ಅರ್ಥವಿದೆ. ಪೂರ್ತಿ ತೀರಿದ ಖಾತೆಗೆ ‘ಕ್ಲೋಸ್ಡ್’ ಎಂದು ನಮೂದಿಸುತ್ತಾರೆ. ‘ಸೆಟ್ಲ್ಡ್’ ಎಂದರೆ ಈತ ಕೊಡಬೇಕಾದಷ್ಟನ್ನು ಕೊಡಲಿಲ್ಲ, ಬ್ಯಾಂಕು ನಷ್ಟಕ್ಕೆ ರಾಜಿಯಾಯಿತು ಎಂದು. ನಮ್ಮ ಹಿರಿಯರು ‘ಚುಕ್ತಾ’ ಎಂಬ ಒಂದು ಮಾತಿನಲ್ಲಿ ಯಾವುದನ್ನು ಹೇಳುತ್ತಿದ್ದರೋ ಅದು ಇದಲ್ಲ.

ಈ ವ್ಯತ್ಯಾಸ ನನಗೆ ತಿಳಿದದ್ದು ಕಳೆದ ವರ್ಷ. ಕೆಂಗೇರಿ ಕಡೆ 52 ಲಕ್ಷಕ್ಕೆ ಒಂದು ಹಳೆಯ ಫ್ಲ್ಯಾಟ್ ನೋಡಿ, 2 ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳ ಅವಧಿಗೆ ಕ್ರಯದ ಕರಾರು ಬರೆಸಿಕೊಂಡಿದ್ದೆವು. ಈಗಿರುವ ಮನೆಗೆ ಭೋಗ್ಯಕ್ಕೆ ಕೊಟ್ಟ ಹಣ, ಈ ಮುಂಗಡ ಎಲ್ಲ ಸೇರಿ ನಮ್ಮ ಕೈಯಿಂದ 12 ಲಕ್ಷ. ಉಳಿದ 40 ಲಕ್ಷಕ್ಕೆ ಸಾಲ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇ 80ರಷ್ಟು ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿರುವುದರಿಂದ ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ನನ್ನ ಮಡದಿ ಶಾಲಾ ಶಿಕ್ಷಕಿ. ಇಬ್ಬರ ಸಂಬಳದಲ್ಲಿ ಕಂತು ಕಟ್ಟುವುದು ಭಾರವಾಗುತ್ತಿರಲಿಲ್ಲ. ಕಾಗದಪತ್ರಗಳೂ ಇ-ಖಾತೆಯೂ ಚೊಕ್ಕವಾಗಿದ್ದವು. ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ, ಸಂಯಮದ ಹೆಣ್ಣುಮಗಳು, ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿ ಪೆನ್ನಿನ ತುದಿಯಿಂದ ಒಂದು ಕಡೆ ಮುಟ್ಟಿ ತೋರಿಸಿದರು. “ಸರ್, ಇಲ್ಲಿ ಸೆಟ್ಲ್ಡ್ ಅಂತ ಇದೆ. ಕ್ಲೋಸ್ಡ್ ಅಂತ ಇರಬೇಕಿತ್ತು.” ಎರಡೂ ಒಂದೇ ಅಲ್ಲವೇ ಮೇಡಂ ಎಂದು ಕೇಳಿದೆ. ಅವರು ಉತ್ತರಿಸುವ ಮೊದಲು ನನ್ನ ಮಡದಿಯ ಮುಖ ನೋಡಿದರು. ಸಾಲ ತೀರಿಸಿದ ಬಗೆಗೆ ಆ ವರದಿಯಲ್ಲಿ ಕೊಡುವ ಅಂಕ, 300ರಿಂದ 900ರವರೆಗಿನ ಅಳತೆಯಲ್ಲಿ, ನನಗೆ 641 ಇತ್ತು. ಸಾಲ ಸಿಗಲಿಲ್ಲ.

ಇಂತಿಷ್ಟು ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲಿಯೂ ಕನಿಷ್ಠ ಮಿತಿ ಹಾಕಿಲ್ಲ. ಕೇಂದ್ರ ಸರ್ಕಾರವೇ 2025ರಲ್ಲಿ ಇದನ್ನು ಸಂಸತ್ತಿಗೆ ತಿಳಿಸಿದೆ. ಆದರೆ ಸಾಲ ಕೊಡುವುದೂ ಬಿಡುವುದೂ ಆಯಾ ಬ್ಯಾಂಕಿನ ವಿವೇಚನೆಗೆ ಸೇರಿದ್ದರಿಂದ, ಕೌಂಟರಿನ ಈಚೆ ನಿಂತವನಿಗೆ ಆ ಮಾತಿನಿಂದ ಪ್ರಯೋಜನವೇನೂ ಆಗುವುದಿಲ್ಲ. ಖಾಸಗಿ ಗೃಹಸಾಲ ಕಂಪನಿಯೊಂದು ಮಾತ್ರ ಶೇ 11ರ ಬಡ್ಡಿಗೆ ಕೊಡುತ್ತೇನೆಂದಿತು. ಬ್ಯಾಂಕಿನ ಶೇ 8.5ರ ದರದಲ್ಲಿ 40 ಲಕ್ಷಕ್ಕೆ 20 ವರ್ಷದ ಕಂತು ತಿಂಗಳಿಗೆ ಸುಮಾರು 34,700 ರೂಪಾಯಿ. ಶೇ 11ಕ್ಕೆ ಅದು ಸುಮಾರು 41,300. ರಾತ್ರಿ ಮಗನ ನೋಟುಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 240 ಕಂತುಗಳಲ್ಲಿ ಹೆಚ್ಚಾಗುವ ಮೊತ್ತ ಹದಿನೈದು ಮುಕ್ಕಾಲು ಲಕ್ಷ ದಾಟುತ್ತದೆ. ನನಗೆ ‘ಬಿಟ್ಟುಕೊಟ್ಟಿದ್ದು’ 28 ಸಾವಿರ.

ಬ್ಯಾಂಕುಗಳದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಠೇವಣಿದಾರರ ಹಣವನ್ನು ಇಪ್ಪತ್ತು ವರ್ಷಕ್ಕೆ ಕೊಡುವವರು ಹಿಂದಿನ ನಡವಳಿಕೆ ನೋಡುವುದು ನ್ಯಾಯವೇ, ಕಂತು ತಪ್ಪಿಸಿದ್ದು ನಾನೇ. ನನ್ನ ಆಕ್ಷೇಪ ಇರುವುದು ಆ ಮೂರು ಸಾಲಿನ ಪತ್ರದ ಮೇಲೆ. 2024ರ ಅಕ್ಟೋಬರ್ 1ರಿಂದ ಯಾವುದೇ ಚಿಲ್ಲರೆ ಸಾಲ ಕೊಡುವಾಗ ಬಡ್ಡಿ, ಶುಲ್ಕ, ಒಟ್ಟು ವೆಚ್ಚಗಳನ್ನೆಲ್ಲ ಒಂದು ಹಾಳೆಯಲ್ಲಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟು ವಿವರಿಸಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯಗೊಳಿಸಿದೆ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ಏಕೆಂದು ನನಗಂತೂ ಅರ್ಥವಾಗಿಲ್ಲ. ಸಾಲದೊಳಗೆ ಕಾಲಿಡುವಾಗ ಇಷ್ಟು ಎಚ್ಚರಿಕೆ ಇರುವುದಾದರೆ, ರಾಜಿಯಾಗಿ ಹೊರಬರುವಾಗಲೂ ಅಂಥದೊಂದು ಹಾಳೆ ಏಕಿರಬಾರದು? ರಾಜಿ ಇತ್ಯರ್ಥದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ, ಕೃಷಿಯೇತರ ಸಾಲದಲ್ಲಿ ರಾಜಿಯಾದವರಿಗೆ ಸಾಲ ಕೊಟ್ಟಿದ್ದ ಅದೇ ಸಂಸ್ಥೆ ಮತ್ತೆ ಸಾಲ ಕೊಡುವ ಮೊದಲು ಕನಿಷ್ಠ 12 ತಿಂಗಳು ಕಾಯಬೇಕೆಂದಿದೆ. ಇದು ಬ್ಯಾಂಕುಗಳ ಕಡತಕ್ಕೆ ಗೊತ್ತಿರುವ ಸಂಗತಿ. ಫೋನಿನಲ್ಲಿ ‘ಇವತ್ತೇ ಕಟ್ಟಿ, ನಾಳೆ ಈ ಆಫರ್ ಇರಲ್ಲ’ ಎಂದು ಅವಸರಪಡಿಸುವ ಏಜೆಂಟ್ ಇದನ್ನು ಹೇಳುವುದಿಲ್ಲ.

ಮುಂದಿನದ್ದನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇತರರಿಗೆ ಉಪಯೋಗವಾದೀತು. ಕಾರ್ಡು ಕೊಟ್ಟಿದ್ದ ಬ್ಯಾಂಕಿಗೆ ಹೋಗಿ ಬಿಟ್ಟಿದ್ದ 28 ಸಾವಿರವನ್ನು ಕಟ್ಟಿ, ಬಾಕಿ ಏನೂ ಇಲ್ಲವೆಂಬ ಪತ್ರ ಪಡೆದೆ. ಶಾಖೆಯವರು ಇದು ಕಾರ್ಡು ವಿಭಾಗದ್ದೆಂದು, ಕಾರ್ಡು ವಿಭಾಗದವರು ಶಾಖೆಯದ್ದೆಂದು ನಾಲ್ಕು ಸಲ ಅಲೆಸಿದ ಮೇಲೆ ಸಿಕ್ಕ ಪತ್ರ ಅದು. ಬಸ್ ನಿಲ್ದಾಣದ ಹತ್ತಿರ ಕರೆಂಟ್ ಕಂಬಕ್ಕೆ ‘ಸಿಬಿಲ್ ಸರಿಪಡಿಸಿಕೊಡಲಾಗುವುದು’ ಎಂದು ಚೀಟಿ ಅಂಟಿಸಿದ್ದವರು 15 ಸಾವಿರ ಕೇಳಿದ್ದರು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ, ಸಾಲದ ವರದಿ ಸಿದ್ಧಪಡಿಸುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು, ತಪ್ಪು ನಮೂದಿನ ದೂರಿಗೂ ಶುಲ್ಕವಿಲ್ಲ. ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟ ಮೇಲೆ ನನ್ನ ವರದಿಯಲ್ಲಿ ‘ಕ್ಲೋಸ್ಡ್’ ಎಂದಾಗಲು 52 ದಿನ ಹಿಡಿಯಿತು. ಬರಬೇಕಾದ 2,200 ರೂಪಾಯಿಗೆ ಎರಡು ಪತ್ರ ಬರೆದಿದ್ದೇನೆ. ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವವನಿದ್ದೇನೆ. ಅಷ್ಟರಲ್ಲಿ ಕರಾರಿನ ಅವಧಿ ಮುಗಿದು, ಫ್ಲ್ಯಾಟಿನ ಯಜಮಾನರು ಮುಂಗಡದಲ್ಲಿ 50 ಸಾವಿರ ಹಿಡಿದುಕೊಂಡು ಮನೆಯನ್ನು ಬೇರೆಯವರಿಗೆ ಮಾರಿದರು.

ನನ್ನ ಕೋರಿಕೆ ದೊಡ್ಡದೇನಲ್ಲ. ಗ್ರಾಹಕರಿಗೆ ಕೊಡುವ ಮುದ್ರಿತ ಸಾಮಗ್ರಿ ಹಿಂದಿ, ಇಂಗ್ಲಿಷ್ ಜೊತೆಗೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಹಳೆಯ ಸೂಚನೆಯೇ ಇದೆ. ಅದರಂತೆ ಸೆಟ್ಲ್‌ಮೆಂಟ್ ಪತ್ರದ ತಲೆಯಲ್ಲಿಯೇ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಹೀಗೆ ಅಚ್ಚಾಗಲಿ: ‘ನೀವು ಈ ಮೊತ್ತ ಕಟ್ಟಿದರೂ ನಿಮ್ಮ ಸಾಲ ಚುಕ್ತಾ ಎಂದು ದಾಖಲಾಗುವುದಿಲ್ಲ, ರಾಜಿ ಎಂದು ದಾಖಲಾಗುತ್ತದೆ; ಇದರಿಂದ ಮುಂದೆ ಗೃಹಸಾಲ ಸಿಗದಿರಬಹುದು ಅಥವಾ ಹೆಚ್ಚಿನ ಬಡ್ಡಿ ಬೀಳಬಹುದು; ಪೂರ್ತಿ ತೀರಿಸಲು ಇನ್ನು ಕಟ್ಟಬೇಕಾದದ್ದು ಇಷ್ಟು.’ ಅದರ ಕೆಳಗೆ ಸಾಲಗಾರನ ಸಹಿ ಪಡೆದ ಮೇಲಷ್ಟೇ ಹಣ ಕಟ್ಟಿಸಿಕೊಳ್ಳಲಿ. 2020ರ ಡಿಸೆಂಬರಿನಲ್ಲಿ ಇಂಥ ಪತ್ರ ನನ್ನ ಕೈಗೆ ಬಂದಿದ್ದರೆ, ಮಡದಿಯ ಬಳೆ ಅಡವಿಟ್ಟಾದರೂ ಆ 28 ಸಾವಿರವನ್ನು ಅಂದೇ ಕಟ್ಟಿಬಿಡುತ್ತಿದ್ದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಹನುಮಂತನಗರ, ಬೆಂಗಳೂರು